ಮೈನಸ್ ಬಾಡಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ರೇಡಿಯೋ ಕೇಳುತ್ತಿರುವ ಅಕ್ಕಂದಿರಿಗೂ, ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟಿರುವ ಅಣ್ಣಂದಿರಿಗೂ ನಮಸ್ಕಾರ. 6 ವೋಲ್ಟಿನ ಹಳೆಯ ಟ್ರ್ಯಾಕ್ಟರನ್ನು 12 ವೋಲ್ಟಿಗೆ ಬದಲಿಸುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ನನಗೆ ಎರಡೇ ಮಾತು ಸಾಕು. ಮೈನಸ್ ಬಾಡಿಗೆ. ಮನೆ ಬಾಡಿಗೆಯಲ್ಲ, ಅಂಗಡಿ ಬಾಡಿಗೆಯಲ್ಲ. ಟ್ರ್ಯಾಕ್ಟರಿನ ಬಾಡಿಗೆ, ಅಂದರೆ ಅದರ ಕಬ್ಬಿಣದ ಮೈಗೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಅಲ್ಲಿಗೆ ಹೋಗಬೇಕು. ಉಳಿದದ್ದನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದಿನ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಇದು ತಿರುಗುಮುರುಗು. ಅಮೆರಿಕದ ಫೋರ್ಡ್ 8ಎನ್ ಎಂಬ ಟ್ರ್ಯಾಕ್ಟರ್ 1947ರಿಂದ 1952ರವರೆಗೆ ತಯಾರಾಯಿತು. ಅದರಲ್ಲಿದ್ದದ್ದು 6 ವೋಲ್ಟಿನ ಬ್ಯಾಟರಿ, ಪ್ಲಸ್ ಬಾಡಿಗೆ. ಆ ಕಾಲದ ಇಂಗ್ಲೆಂಡಿನ ಗಾಡಿಗಳಲ್ಲೂ ಪ್ಲಸ್ ಬಾಡಿಗೆ ಕೊಡುವ ರೂಢಿಯಿತ್ತು. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವವರೆಗೆ ಅದು ಹೇಗೋ ನಡೆಯುತ್ತಿತ್ತು. ಈಗ ನಾವು ಡೈನಮೋ ಬಿಚ್ಚಿ ಅದೇ ಕೆಲಸಕ್ಕೆ ಆಲ್ಟರ್ನೇಟರ್ ಕೂರಿಸುತ್ತೇವೆ. ಆಲ್ಟರ್ನೇಟರಿನ ಹೊಟ್ಟೆಯಲ್ಲಿ ಡಯೋಡುಗಳಿವೆ. ಡಯೋಡ್ ಎಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಬ್ಯಾಟರಿಯನ್ನು ಉಲ್ಟಾ ಕೊಟ್ಟಿರೋ, ಆ ಬಾಗಿಲು ಪೂರ್ತಿ ತೆರೆದುಕೊಂಡು ಬ್ಯಾಟರಿಯ ಶಕ್ತಿಯೆಲ್ಲ ಒಂದೇ ಸಲಕ್ಕೆ ಅದರೊಳಗೆ ನುಗ್ಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ.

ನನಗಿದು ಪುಸ್ತಕ ಓದಿ ಬಂದ ಬುದ್ಧಿಯಲ್ಲ. ಆಗ ನನಗೆ ಹದಿನೇಳು ವರ್ಷ. ಚಿಂತಾಮಣಿಯ ಒಂದು ಅಂಗಡಿಯಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರ ಹಳೆಯ ಟ್ರ್ಯಾಕ್ಟರ್ ಕೆಲಸ ಬಂತು. ಮೇಸ್ತ್ರಿ ಎರಡು ದಿನ ಅಲ್ಲೇ ಇದ್ದು ಆಲ್ಟರ್ನೇಟರಿಗೆ ಬ್ರಾಕೆಟ್ ಮಾಡಿಸಿದರು, ಹೊಸ ಕೇಬಲ್ ಎಳೆದರು, ಎಂಜಿನ್ ಶುರು ಮಾಡುವ ಸೆಲ್ಫ್ ಮೋಟಾರಿಗೆ ಹೋಗುವುದಕ್ಕೆ ಪ್ಲಸ್ ಕ್ಲಾಂಪ್, ಬಾಡಿಗೆ ಹೋಗುವುದಕ್ಕೆ ಮೈನಸ್ ಕ್ಲಾಂಪ್ ಹಾಕಿದರು. ಆಮೇಲೆ, 'ನಾಳೆ ಬೆಳಿಗ್ಗೆ ಬ್ಯಾಟರಿ ಬರುತ್ತದೆ, ಎರಡು ಕ್ಲಾಂಪ್ ಬಿಗಿ ಮಾಡು, ಅಷ್ಟೇ' ಎಂದು ಹೇಳಿ ಬಸ್ಸು ಹತ್ತಿದರು.

ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿ ತುಳಸಿಕಟ್ಟೆಯ ಪಕ್ಕದಲ್ಲಿ ಕುಳಿತಿತ್ತು. ಹೊಸ ವಸ್ತು ಮನೆಗೆ ಬಂತೆಂದು ಆ ಮನೆಯ ಅಜ್ಜಿ ಅದಕ್ಕೆ ಪೂಜೆ ಮಾಡಿಬಿಟ್ಟಿದ್ದರು. ಮುಚ್ಚಳದ ಮೇಲೆಲ್ಲ ಅರಿಸಿನ ಬಳಿದಿದ್ದರು. ಪ್ಲಸ್ ಎಲ್ಲಿ, ಮೈನಸ್ ಎಲ್ಲಿ, ಒಂದು ಗುರುತೂ ಕಾಣುತ್ತಿರಲಿಲ್ಲ. ಒಂದು ಟರ್ಮಿನಲ್ ತಲೆಗೆ ಮಾತ್ರ ದಪ್ಪನಾಗಿ ಕುಂಕುಮ, ಮೇಲೊಂದು ಕನಕಾಂಬರ. ನಾನು ಕಲಿತಿದ್ದ ಪಾಠ ಒಂದೇ, ಕೆಂಪು ಎಂದರೆ ಪ್ಲಸ್. ನಗಬೇಡಿ. ಹದಿನೇಳು ವರ್ಷದವನಿಗೆ ಎಲ್ಲವೂ ಗೊತ್ತಿರುತ್ತದೆ.

ಕುಂಕುಮದ ಕಡೆಗೆ ಪ್ಲಸ್ ಕ್ಲಾಂಪ್ ಇಟ್ಟೆ. ಸಡಿಲವಾಗಿ ಲೊಡಲೊಡ ಅಂದಿತು. ಪೌಡರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತುರುಕಿ ಬಿಗಿ ಮಾಡಿದೆ. ಇನ್ನೊಂದು ಕ್ಲಾಂಪ್ ಕೆಳಕ್ಕೆ ಇಳಿಯಲೇ ಇಲ್ಲ. ಸ್ಕ್ರೂ ಡ್ರೈವರ್ ತೂರಿಸಿ ಅದರ ಬಾಯಿ ಅಗಲಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಇಳಿಸಿದೆ. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಯಾವಾಗಲೂ ಮೈನಸ್ಸಿಗಿಂತ ದಪ್ಪ. ಅರಿಸಿನ ಬಳಿದರೂ ದಪ್ಪ, ಕತ್ತಲೆಯಲ್ಲಿ ಬೆರಳಿಂದ ಮುಟ್ಟಿದರೂ ದಪ್ಪ. ಕ್ಲಾಂಪುಗಳ ಬಾಯಿಯೂ ಅದೇ ಅಳತೆಗೆ. ಆ ಎರಡು ಕ್ಲಾಂಪುಗಳೂ, 'ಬೇಡವೋ, ಬೇಡವೋ' ಎಂದು ನನಗೆ ಹೇಳುತ್ತಿದ್ದವು. ನಾನು ಸುತ್ತಿಗೆಯಿಂದ ಉತ್ತರ ಕೊಡುತ್ತಿದ್ದೆ.

ಎರಡನೆಯ ಕ್ಲಾಂಪ್ ತಾಗುತ್ತಲೇ ಚಟ್ ಎಂದು ಕಿಡಿ ಹಾರಿತು. ಆಂಪಿಯರ್ ಮೀಟರಿನ ಮುಳ್ಳು ಒಂದು ಕಡೆಗೆ ಹೊಡೆದುಕೊಂಡು ನಿಂತಿತು. ಆಲ್ಟರ್ನೇಟರಿನ ಹಿಂಬದಿಯಿಂದ ಹೊಗೆ, ಅದರ ವೈರಿನ ಪ್ಲಾಸ್ಟಿಕ್ ಮೇಣದ ಹಾಗೆ ತೊಟ್ಟಿಕ್ಕಿತು. ಕ್ಲಾಂಪ್ ಕೀಳೋಣವೆಂದರೆ, ನಾನೇ ಬಡಿದು ಕೂರಿಸಿದ್ದಲ್ಲವೇ, ಅದು ಬರಲೊಲ್ಲದು! ಕೊನೆಗೆ ಆ ಮನೆಯ ಯಜಮಾನರೇ ಕಟಿಂಗ್ ಪ್ಲೇಯರ್ ತಂದು ಸುಡುತ್ತಿದ್ದ ವೈರನ್ನು ಕತ್ತರಿಸಿದರು. ಅಜ್ಜಿ ಹೊರಗೆ ಬಂದು ನೋಡಿ, 'ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಲಿಲ್ಲ ನೋಡು' ಎಂದರು. ಮೇಸ್ತ್ರಿಯ ಲೆಕ್ಕದಲ್ಲಿ ಅದು ದೃಷ್ಟಿಯಲ್ಲ, ನನ್ನ ನಾಲ್ಕು ತಿಂಗಳ ಕೂಲಿ.

ಆದ್ದರಿಂದ ಮೈನಸ್ ಬಾಡಿಗೆ. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಮೊದಲು ಬ್ಯಾಟರಿ ಕಟ್ಟಿ, ಆಮೇಲೆ ಮಾಡಿ.

ಗಾಜಿನ ಆಚೆ ಕುಳಿತಿರುವವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಬೇಗಬೇಗ ಹೇಳಿಬಿಡುತ್ತೇನೆ. 12 ವೋಲ್ಟ್ ಏಕೆ ಎಂದು ಕೇಳುವವರಿಗೆ: 36 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ 6 ಆಂಪಿಯರ್ ಹರಿಯಬೇಕು, 12 ವೋಲ್ಟಿನಲ್ಲಿ 3 ಸಾಕು. ಹರಿವು ಅರ್ಧವಾದರೆ ವೈರಿನಲ್ಲಿ ಆಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹಳೆಯ ದಪ್ಪ ವೈರುಗಳನ್ನು ಇಟ್ಟುಕೊಳ್ಳಬಹುದು, ಮೇಲಿನ ಬಟ್ಟೆ ಬಿರುಕು ಬಿಟ್ಟಿದ್ದರೆ ಮಾತ್ರ ಬದಲಿಸಿ. ಬಲ್ಬುಗಳನ್ನು ಎಲ್ಲ ಬದಲಿಸಲೇಬೇಕು. ಪೆಟ್ರೋಲ್, ಸೀಮೆಎಣ್ಣೆ ಎಂಜಿನ್ನಾದರೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೂಡ 12 ವೋಲ್ಟಿನದು ಬೇಕು. ಡೀಸೆಲ್ಲಿಗೆ ಆ ತಾಪತ್ರಯವಿಲ್ಲ. ಹಳೆಯ ಸೆಲ್ಫ್ ಮೋಟಾರ್ ನಡೆಯುತ್ತದೆ, ಮೊದಲಿಗಿಂತ ಜೋರಾಗಿಯೇ ತಿರುಗುತ್ತದೆ. ಆ ಉತ್ಸಾಹಕ್ಕೆ ಬಟನ್ ಒತ್ತಿ ಹಿಡಿಯಬೇಡಿ, ಐದು ಸೆಕೆಂಡಿಗೆ ಬಿಟ್ಟುಬಿಡಿ. ಪ್ಲಸ್ಸು ಬಾಡಿಗೆ ಇದ್ದ ಗಾಡಿಯನ್ನು ತಿರುಗಿಸಿದ ಮೇಲೆ ಆಂಪಿಯರ್ ಮೀಟರ್ ಉಲ್ಟಾ ತೋರಿಸುತ್ತದೆ, ಅದರ ಹಿಂದಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಆಯಿತು. 'ಡೈನಮೋ ಹಾಗೇ ಇರಲಿ, ಬ್ಯಾಟರಿ ಮಾತ್ರ ಹಾಕಿಕೊಡಿ' ಎಂದು ಕೇಳುವವರಿದ್ದಾರೆ. 6 ವೋಲ್ಟಿನ ಡೈನಮೋ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. ಇದನ್ನು ನಾನು ವಾರಕ್ಕೊಮ್ಮೆ ಹೇಳುತ್ತಿದ್ದೇನೆ.

ಎಲ್ಲ ಮುಗಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಓಡುವಾಗ 14ರ ಹತ್ತಿರ. ಓಡುವಾಗಲೂ 12.6ರಲ್ಲೇ ನಿಂತರೆ ಆಲ್ಟರ್ನೇಟರನ್ನು ಬೈಯಬೇಡಿ, ಅದನ್ನು ತಿರುಗಿಸುವ ಬೆಲ್ಟ್ ಒತ್ತಿ ನೋಡಿ, ಅರ್ಧ ಇಂಚಿಗಿಂತ ಹೆಚ್ಚು ಕುಗ್ಗಬಾರದು. ಬಾಡಿಗೆ ಬೋಲ್ಟ್ ಹಾಕುವ ಜಾಗದ ಬಣ್ಣವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಕೆರೆಯಿರಿ. ಇನ್ನು ಕೇಬಲ್ ಬಿಚ್ಚುವಾಗ ಬಾಡಿಯದು ಮೊದಲು, ಕಟ್ಟುವಾಗ ಬಾಡಿಯದು ಕೊನೆಗೆ.

ಹೊತ್ತಾಯಿತು, ಕೆಂಪು ದೀಪ ಮಿನುಗುತ್ತಿದೆ. ಇದು ಪ್ಲಸ್ಸೋ ಮೈನಸ್ಸೋ ನನಗೆ ಗೊತ್ತಿಲ್ಲ. ನಮಸ್ಕಾರ.