ಮೇಲಿನವರ ಹುಕುಂ, ಕೆಳಗಿನವರ ಕೈ

ಕೇಳುಗರಿಗೆ ನಮಸ್ಕಾರ.

‘ನನ್ನದೇನೂ ಇಲ್ಲ ಸ್ವಾಮಿ, ಮೇಲಿನಿಂದ ಆರ್ಡರ್ ಬಂದಿದೆ.’ ಹಾಸನವಿರಲಿ, ಅರಸೀಕೆರೆಯಿರಲಿ, ಈ ಮಾತು ಕೇಳದವರಿಲ್ಲ. ಪಹಣಿ ತಿದ್ದುಪಡಿ ತಡವಾಯಿತು ಅಂತ ಕೇಳಿದ್ದಕ್ಕೆ ಈ ಉತ್ತರ ಬಂದರೆ ಗೊಣಗಿಕೊಂಡು ಮನೆಗೆ ಬರುತ್ತೇವೆ. ಇದೇ ಮಾತನ್ನು ಸಾವಿರಾರು ಜನರನ್ನು ಕೊಂದವರೂ ಕಟಕಟೆಯಲ್ಲಿ ನಿಂತು ಹೇಳಿದ್ದಾರೆ. ಅದಕ್ಕೆ ನ್ಯಾಯಾಲಯಗಳು ಎಷ್ಟು ಬೆಲೆ ಕೊಟ್ಟವು, ಯಾಕೆ ಅಷ್ಟೇ ಕೊಟ್ಟವು ಅನ್ನುವುದು ಇವತ್ತಿನ ವಿಷಯ.

1942ರ ಜುಲೈ 13, ಬೆಳಗಿನ ಜಾವ. ಪೋಲೆಂಡಿನ ಯೂಜೆಫುಫ್ ಎಂಬ ಊರಂಚು. ಜರ್ಮನಿಯ 101ನೇ ಮೀಸಲು ಪೊಲೀಸ್ ಬೆಟಾಲಿಯನ್ನಿನವರು ಲಾರಿಗಳಿಂದಿಳಿದು ಅರ್ಧ ವೃತ್ತವಾಗಿ ನಿಂತಿದ್ದಾರೆ. ಬೆಟಾಲಿಯನ್ನಿನ ಬಲ ಸುಮಾರು 500. ಹೆಚ್ಚಿನವರು ಹ್ಯಾಂಬರ್ಗಿನ ಬಂದರು ಕೂಲಿಗಳು, ಲಾರಿ ಚಾಲಕರು, ಗುಮಾಸ್ತರು. ಸರಾಸರಿ ವಯಸ್ಸು 39. ಮೇಜರ್ ವಿಲ್‌ಹೆಲ್ಮ್ ಟ್ರಾಪ್ ಕಣ್ಣಲ್ಲಿ ನೀರು ತಂದುಕೊಂಡೇ ಆದೇಶ ಹೇಳಿದ. ಊರಿನ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರೆ ಮಾಡಬೇಕು. ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕು. ಆಮೇಲೆ ಒಂದು ಮಾತು ಸೇರಿಸಿದ: ವಯಸ್ಸಾದವರಲ್ಲಿ ಯಾರಿಗೆ ಇದು ಆಗುವುದಿಲ್ಲವೋ ಅವರು ಸಾಲು ಬಿಟ್ಟು ಬರಬಹುದು.

ಒಬ್ಬ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ. ಟ್ರಾಪ್ ಆ ಕ್ಯಾಪ್ಟನ್ನನ ಬಾಯಿ ಮುಚ್ಚಿಸಿದ. ಆಗ ಇನ್ನೂ ಹತ್ತು ಹನ್ನೆರಡು ಮಂದಿ ಮುಂದೆ ಬಂದು ಬಂದೂಕು ಒಪ್ಪಿಸಿದರು. ಮರದ ವ್ಯಾಪಾರಿ ಕುಟುಂಬದ ಒಬ್ಬ ಲೆಫ್ಟಿನೆಂಟ್ ಹಿಂದಿನ ರಾತ್ರಿಯೇ ಈ ಕೆಲಸ ತನ್ನಿಂದಾಗದು ಎಂದಿದ್ದ. ಅವನಿಗೆ ಬೇರೆ ಕೆಲಸ ಕೊಟ್ಟರು, ಮುಂದೆ ಅವನೇ ಕೇಳಿದ ಮೇಲೆ ಹ್ಯಾಂಬರ್ಗಿಗೆ ವಾಪಸ್ ಕಳಿಸಿದರು. ಉಳಿದವರು ಹೊರಟರು. ಎಲ್ಲಿ ಗುರಿಯಿಡಬೇಕೆಂದು ತೋರಿಸಿಕೊಟ್ಟವನು ಬೆಟಾಲಿಯನ್ನಿನ ವೈದ್ಯ. ಕತ್ತಲಾಗುವ ಹೊತ್ತಿಗೆ ಸುಮಾರು 1,500 ಜನ ಕಾಡಿನಲ್ಲಿ ಹೆಣವಾಗಿದ್ದರು.

ಸಾಲು ಬಿಟ್ಟು ಬಂದವರಿಗೆ ಏನಾಯಿತು? ಹೇಡಿ ಎಂಬ ಬೈಗುಳ ಬಿತ್ತು, ಜೊತೆಗಾರರು ಮುಖ ತಿರುಗಿಸಿದರು. ಅಷ್ಟೇ. ಯಾರನ್ನೂ ಗುಂಡಿಟ್ಟು ಕೊಲ್ಲಲಿಲ್ಲ, ಜೈಲಿಗೆ ಹಾಕಲಿಲ್ಲ. ಯುದ್ಧ ಮುಗಿದ ಮೇಲೆ ದಶಕಗಳ ಕಾಲ ನಡೆದ ಮೊಕದ್ದಮೆಗಳಲ್ಲಿ, ನಿರಾಯುಧರನ್ನು ಕೊಲ್ಲಲು ಒಪ್ಪದಿದ್ದುದಕ್ಕೆ ಜೀವ ಕಳೆದುಕೊಂಡ ಒಬ್ಬನೇ ಒಬ್ಬ ಜರ್ಮನ್ನನ ಉದಾಹರಣೆಯನ್ನೂ ಆರೋಪಿಗಳ ವಕೀಲರು ದಾಖಲೆ ಸಮೇತ ಮುಂದಿಡಲಾಗಲಿಲ್ಲ. ಈ ವಿಷಯದಲ್ಲಿ ಇದಕ್ಕಿಂತ ಭಾರದ ಸಂಗತಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಅಲ್ಲಿ ಬಹಳ ಮಂದಿಯ ಕೈ ಕಟ್ಟಿದ್ದು ಸಾವಿನ ಭಯವಲ್ಲ. ಜೊತೆಗಾರರ ಎದುರು ಸಣ್ಣವನಾಗುತ್ತೇನೆಂಬ ಅಳುಕು, ನಾನು ಬಿಟ್ಟರೆ ಈ ಹೊಲಸು ಕೆಲಸ ಅವರ ತಲೆಗೆ ಬೀಳುತ್ತದೆಂಬ ದಾಕ್ಷಿಣ್ಯ.

ಇನ್ನು ಬಂದೂಕು ಮುಟ್ಟದವರ ಕಥೆ. ಅರಸೀಕೆರೆ ಜಂಕ್ಷನ್‌ನಲ್ಲಿ ನಿಂತು ನೋಡಿದವರಿಗೆ ಗೊತ್ತು: ಒಂದು ರೈಲು ಹೊರಡಬೇಕಾದರೆ ಬೋಗಿ ಜೋಡಿಸುವವರು, ಸಿಗ್ನಲ್ ಕೊಡುವವರು, ವೇಳಾಪಟ್ಟಿ ಬರೆಯುವವರು, ಲೆಕ್ಕ ಹಾಕುವವರು ಎಲ್ಲರೂ ಬೇಕು. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದಕ್ಕೆ ಜರ್ಮನ್ ರೈಲ್ವೆ ದರ ಹಾಕಿ ಬಿಲ್ಲು ಮಾಡಿತು. ಮೂರನೇ ದರ್ಜೆಯ ದರ, ತಲೆಗೆ ಕಿಲೋಮೀಟರಿಗೆ 4 ಫೆನಿಗ್, ಅಂದರೆ ಅಲ್ಲಿನ ಆಗಿನ ಪೈಸೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ನಾಲ್ಕು ವರ್ಷದೊಳಗಿನವರಿಗೆ ಪುಕ್ಕಟೆ. ಕನಿಷ್ಠ 400 ಮಂದಿಯಿದ್ದರೆ ಗುಂಪಿನ ರಿಯಾಯಿತಿ. ಕಾವಲುಗಾರರಿಗೆ ಹೋಗಿಬರುವ ಟಿಕೆಟ್ಟು, ಉಳಿದವರಿಗೆ ಹೋಗುವುದಕ್ಕೆ ಮಾತ್ರ. ಈ ಲೆಕ್ಕ ಬರೆದ ಗುಮಾಸ್ತ ಯಾರನ್ನೂ ಕೊಂದವನಲ್ಲ. ಕೆಲಸವನ್ನು ಚೂರು ಚೂರು ಮಾಡಿ ಹಂಚಿದರೆ ಪ್ರತಿಯೊಬ್ಬನಿಗೂ ತನ್ನ ಚೂರು ಹಗುರವೆನಿಸುತ್ತದೆ.

ಈ ಸಾಗಣೆಯ ಯೋಜಕ ಅಡಾಲ್ಫ್ ಐಖ್‌ಮನ್ 1961ರಲ್ಲಿ ಜೆರುಸಲೇಮಿನ ವಿಚಾರಣೆಯಲ್ಲಿ ಹೇಳಿದ್ದೂ ಅದನ್ನೇ, ಆದೇಶ ಪಾಲಿಸಿದೆ ಎಂದು. ಆದರೆ 1944ರ ಜುಲೈನಲ್ಲಿ ಹಂಗೆರಿಯ ಆಡಳಿತಗಾರ ಹೋರ್ಟಿ ಸಾಗಣೆ ನಿಲ್ಲಿಸಿ, ಹೊರಟಿದ್ದ ಒಂದು ರೈಲನ್ನೂ ವಾಪಸ್ ಕರೆಸಿದ ಮೇಲೆ, ಐಖ್‌ಮನ್ ಯಹೂದಿ ಮುಖಂಡರನ್ನು ಸುದ್ದಿ ಹೊರಹೋಗದಂತೆ ಇಡೀ ದಿನ ಕಚೇರಿಯಲ್ಲಿ ಕೂಡಿಹಾಕಿಸಿ, ಕಿಷ್ಟಾರ್ಚಾ ಶಿಬಿರದಿಂದ ಆ ಜನರನ್ನು ಕದ್ದು ಸಾಗಿಸಿದ. ಬರೀ ಹೇಳಿದ್ದು ಮಾಡುವವನಿಗೆ ಇಷ್ಟು ಉಪಾಯ ಯಾಕೆ ಬೇಕಿತ್ತು?

ಕಾನೂನಿಗೆ ಬರೋಣ. ಜರ್ಮನಿಯ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಗೆಂದು 1945ರ ಆಗಸ್ಟ್‌ನಲ್ಲಿ ಬರೆದ ಸನ್ನದಿನ 8ನೇ ವಿಧಿ ಹೇಳಿದ್ದು ಇದು: ಆದೇಶವಿತ್ತು ಅಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ಶಿಕ್ಷೆ ತಗ್ಗಿಸುವಾಗ ಬೇಕಾದರೆ ಗಮನಿಸಬಹುದು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಬುನಾದಿಯಾದ 1998ರ ರೋಮ್ ಶಾಸನದ 33ನೇ ವಿಧಿ ಇನ್ನೂ ಬಿಡಿಸಿ ಹೇಳುತ್ತದೆ. ಪಾಲಿಸಲೇಬೇಕಾದ ಕಾನೂನಿನ ಬಂಧನವಿರಬೇಕು, ಆದೇಶ ಅಕ್ರಮವೆಂದು ಪಾಲಿಸಿದವನಿಗೆ ತಿಳಿದಿರಬಾರದು, ಮೇಲ್ನೋಟಕ್ಕೇ ಅಕ್ರಮ ಅನ್ನುವಂಥ ಆದೇಶವಾಗಿರಬಾರದು. ಮೂರೂ ಕೂಡಿದರೆ ಮಾತ್ರ ಬಿಡುಗಡೆ. ನರಮೇಧದ ಆದೇಶವಂತೂ ಯಾವತ್ತಿಗೂ ಮೇಲ್ನೋಟಕ್ಕೇ ಅಕ್ರಮ ಎಂದು ಅದೇ ವಿಧಿ ಬರೆದಿಟ್ಟಿದೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಭಾರತ ರೋಮ್ ಶಾಸನಕ್ಕೆ ಸೇರಿಲ್ಲ. ಆದರೂ ನಮ್ಮ ಜಿಲ್ಲೆಗಳಿಂದ ಸೈನ್ಯಕ್ಕೆ, ಪೊಲೀಸಿಗೆ ಸೇರುವ ಹುಡುಗರು ತಿಳಿದಿರಬೇಕಾದ್ದು ನಮ್ಮ ಕಾನೂನಿನಲ್ಲೇ ಇದೆ. 1950ರ ಸೇನಾ ಕಾಯಿದೆಯ 41ನೇ ಸೆಕ್ಷನ್ ಶಿಕ್ಷಿಸುವುದು ‘ಕಾನೂನುಬದ್ಧ’ ಆದೇಶವನ್ನು ಮೀರಿದವನನ್ನು. ಆ ಒಂದು ಪದ ಬಹಳ ಮುಖ್ಯ. ಜೀವ ಬೆದರಿಕೆಗೆ ಮಣಿದು ಮಾಡಿದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 32ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಆದರೆ ಕೊಲೆಗೆ ಕೊಡುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ನಕಲಿ ಎನ್‌ಕೌಂಟರ್ ಪ್ರಕರಣವೊಂದರಲ್ಲಿ ನ್ಯೂರೆಂಬರ್ಗನ್ನೇ ನೆನಪಿಸಿ, ಅಂಥ ಆದೇಶ ಬಂದರೆ ಒಪ್ಪದಿರುವುದೇ ಪೊಲೀಸನ ಕರ್ತವ್ಯ ಎಂದಿತು.

ನಿಜವಾಗಿಯೂ ತಲೆಗೆ ಬಂದೂಕು ಹಿಡಿದಿದ್ದರೆ? ಇದು ಕಷ್ಟದ ಪ್ರಶ್ನೆ. 1995ರ ಜುಲೈ 16ರಂದು ಬೋಸ್ನಿಯಾದ ಬ್ರನ್ಯೇವೊ ಎಂಬ ಫಾರ್ಮಿಗೆ ಬೋಸ್ನಿಯಾದ ಸರ್ಬ್ ಸೈನ್ಯದವರು ಸ್ರೆಬ್ರೆನಿತ್ಸಾ ಊರಿನ ಮುಸ್ಲಿಂ ಗಂಡಸರನ್ನು ಕೊಲ್ಲಲೆಂದು ಬಸ್ಸುಗಳಲ್ಲಿ ತಂದರು. ಡ್ರಾಜನ್ ಎರ್ದೆಮೊವಿಚ್ ಎಂಬ ಸೈನಿಕ ಆಗುವುದಿಲ್ಲವೆಂದ. ‘ಹಾಗಾದರೆ ಬಂದೂಕು ಕೊಟ್ಟು ಅವರ ಸಾಲಿನಲ್ಲೇ ನಿಂತುಕೋ’ ಎಂಬ ಉತ್ತರ ಬಂತು. ಅವನು ಗುಂಡು ಹಾರಿಸಿದ. ತಾನು ಸುಮಾರು 70 ಮಂದಿಯನ್ನು ಕೊಂದಿರಬಹುದೆಂದು ಅವನೇ ಹೇಳಿದ. ಈ ಯುದ್ಧದ ಅಪರಾಧಗಳನ್ನು ವಿಚಾರಿಸಿದ ಹೇಗ್ ನಗರದ ನ್ಯಾಯಮಂಡಳಿಯ ಮೇಲ್ಮನವಿ ಪೀಠ ಇಬ್ಬರ ವಿರುದ್ಧ ಮೂವರ ಬಹುಮತದಿಂದ, ಅಮಾಯಕರ ಕೊಲೆಗೆ ಬೆದರಿಕೆ ಪೂರ್ತಿ ಸಮರ್ಥನೆಯಾಗದು ಎಂದು ತೀರ್ಮಾನಿಸಿತು. ಆದರೆ ಮೊದಲು ಹತ್ತು ವರ್ಷವಿದ್ದ ಶಿಕ್ಷೆ ಮರುವಿಚಾರಣೆಯಲ್ಲಿ ಐದಕ್ಕಿಳಿಯಿತು.

ಅದೇ ದಿನ ಇನ್ನೊಂದು ಹುಕುಂ ಬಂದಿತ್ತು. ಪಕ್ಕದ ಪಿಲಿತ್ಸಾ ಊರಿನ ಸಭಾಭವನದಲ್ಲಿ ಇನ್ನೂ ಸುಮಾರು 500 ಮಂದಿಯನ್ನು ಕೂಡಿಹಾಕಿದ್ದಾರೆ, ನಡೆಯಿರಿ ಎಂದು. ಎರ್ದೆಮೊವಿಚ್ ಒಪ್ಪಲಿಲ್ಲ. ಅವನ ಜೊತೆ ಇನ್ನೂ ಕೆಲವರು ಒಪ್ಪಲಿಲ್ಲ. ಆ ಕೆಲಸಕ್ಕೆ ಬೇರೆಯವರು ಹೋದರು. ಇವರು ಭವನದ ಎದುರಿನ ಹೋಟೆಲಿನಲ್ಲಿ ಕೂತಿದ್ದರು. ಒಳಗಿನ ಗುಂಡಿನ ಸದ್ದು ಅಲ್ಲಿಗೆ ಕೇಳುತ್ತಿತ್ತು.

ನಮಸ್ಕಾರ.