ಬಾರದವರ ನಂಬಿಕಿ

ನಮಸ್ಕಾರ್ರಿ. ಇವತ್ತಿನ ಮಾತು ಒಂದು ಸ್ವೆಟರಿನಿಂದ ಶುರು ಆಗತೈತಿ.

ಚಳಿಗಾಲ ಬಂತಂದ್ರ ಹುಬ್ಬಳ್ಳ್ಯಾಗ ಟಿಬೇಟದವರು ಸ್ವೆಟರ್ ಅಂಗಡಿ ಹಚ್ಚತಾರ, ನಿಮಗ ಗೊತ್ತೈತಿ. ಮುಂಡಗೋಡ ಕ್ಯಾಂಪಿನ ಮಂದಿ. ತಡಸ ಮ್ಯಾಲೆ ಹಾದು ಹೋಗೋ ಮುಂಡಗೋಡ ಬಸ್ಸಿನ್ಯಾಗ ಕೆಂಪು ವಸ್ತ್ರದ ಸನ್ಯಾಸಿಗಳು ನಮ್ಮಂಗ ಕಿಟಕಿಯಿಂದ ಟವೆಲ್ ಒಗದು ಸೀಟ್ ಹಿಡಿಯೂದನ್ನ ನೋಡಿ ನೋಡಿ, ಅವರು ಬ್ಯಾರೆ ದೇಶದಿಂದ ಓಡಿ ಬಂದವರು ಅನ್ನೂದ ನಮಗ ಮರತುಹೋಗೇತಿ.

ಅಂಥಾ ಒಂದು ಅಂಗಡ್ಯಾಗ ವಯಸ್ಸಾದ ಒಬ್ಬ ಅಮ್ಮ ಕುಂತಿದ್ರು. ಕನ್ನಡ ಛಲೋ ಮಾತಾಡ್ತಾರ, ನಮ್ಮ ಹುಬ್ಬಳ್ಳಿ ಕನ್ನಡನ. ಐವತ್ತು ರೂಪಾಯಿ ಸಲುವಾಗಿ ಜಗ್ಗಾಡಿದೆ, ಆಮ್ಯಾಲೆ ಮಾತಿಗೆ ಮಾತು ಬೆಳೀತು. ಅವರ ಅಣ್ಣ ಒಬ್ಬಾವ ಟಿಬೇಟದ ರಾಜಧಾನಿ ಲಾಸಾ ಕಡೆ ಉಳದಿದ್ನಂತ, ಚೀನಾದವರು ಜೇಲಿಗೆ ಹಾಕಿದ್ರಂತ. ನಾನು ಶಾಣ್ಯಾನಂಗ ಕೇಳಿದೆ: "ಅಷ್ಟು ಕಷ್ಟದಾಗ ದೇವರ ಮ್ಯಾಲಿನ ನಂಬಿಕಿ ಹೆಂಗ ಉಳೀತ್ರಿ ಅವರಿಗೆ?" ಬೌದ್ಧರಿಗೆ ನಾವು ಅನ್ನೂವಂಥಾ ದೇವರ ಇಲ್ಲ ಅನ್ನೂದೂ ಆವಾಗ ತಲ್ಯಾಗ ಬರಲಿಲ್ಲ.

ಅವರು ಅಂದ್ರು: "ಅಂವ ಬರಲೇ ಇಲ್ಲಲ್ಲೋ ತಮ್ಮಾ. ಯಾರನ್ನ ಕೇಳೂದು?"

ಅವತ್ತಿಂದ ಈ ಮಾತು ನನ್ನ ಬಿಟ್ಟಿಲ್ಲ. ಜೇಲು, ಚಿತ್ರಹಿಂಸೆ, ಉಪವಾಸ ಅಂತ ಬಂದಾಗೆಲ್ಲ ನಾವು ಯಾರ ಕತಿ ಕೇಳ್ತೀವಿ? ತಿರುಗಿ ಬಂದವರದು. ಕೇಳಿ, "ನೋಡ್ರಿ, ನಂಬಿಕಿ ಅವರನ್ನ ಉಳಿಸ್ತು" ಅಂತೀವಿ. ಅಲ್ರಿ, ಬಾರದೇ ಹೋದವರಿಗೆ ನಂಬಿಕಿ ಇರಲಿಲ್ಲೇನು? ಕಷ್ಟ ಮನುಷ್ಯಾನ್ನ ಪುಟಕ್ಕಿಟ್ಟ ಬಂಗಾರ ಮಾಡತೈತಿ ಅಂತ ಪ್ರವಚನದಾಗ ಹೇಳ್ತಾರಲ್ಲ, ನನಗ ಅದು ಪಟಾಸೂದಿಲ್ಲ. ಬೆಂಕ್ಯಾಗ ಬಂಗಾರ ಒಂದ ಬೀಳೂದಿಲ್ಲ. ಕಟಿಗಿನೂ ಬೀಳತೈತಿ, ಕೂಸಿನ ತೊಟ್ಟಿಲಾನೂ ಬೀಳತೈತಿ.

ಬಂದವರ ಮಾತನ್ನೂ ಸರಿಯಾಗಿ ಕೇಳೂಣು. ಪಾಲ್ಡೆನ್ ಗ್ಯಾತ್ಸೊ ಅಂತ ಒಬ್ರು ಟಿಬೇಟದ ಸನ್ಯಾಸಿ. ಚೀನಾದ ವಿರುದ್ಧ ಟಿಬೇಟದವರು ಎದ್ದ 1959ರ ಬಂಡಾಯದ ಹೊತ್ತಿಗೆ ಜೇಲಿನ ಒಳಗ ಹೋದವರು 1992ಕ್ಕ ಹೊರಗ ಬಂದ್ರು. 33 ವರ್ಷ. ಆ ವರ್ಷ ಒಳಗ ಹೋದಾಗ ಹುಟ್ಟಿದ ಕೂಸು, ಅವರು ಹೊರಗ ಬರೂದ್ರಾಗ ಮಕ್ಕಳೊಂದಿಗರಾಗಿರತೈತಿ. ಹಸಿವಿಗೆ ಬೂಟಿನ ತೊಗಲು ಕುದಿಸಿ ತಿಂದ ಕಾಲ. ಬಾಯಾಗ ಕರೆಂಟಿನ ಬಡಗಿ ತುರುಕಿದ್ರು, ಹಲ್ಲು ಹೋದ್ವು. ಬಿಡುಗಡೆ ಆದ ಮ್ಯಾಲೆ ಅವರು ಮಾಡಿದ್ದೇನಂದ್ರ, ಲಂಚ ಕೊಟ್ಟು ಅಂಥಾವ ಹಿಂಸೆ ಮಾಡೋ ಸಾಮಾನು ಕೊಂಡು, ಭಾರತಕ್ಕ ಓಡಿ ಬರೂವಾಗ ಹೊತಗೊಂಡು ಬಂದ್ರು. 1995ರಾಗ ಜಿನೀವಾದಾಗ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದ ಸಾಕ್ಷಿ ಹೇಳಿದ್ರು. ತೀರಿಕೊಂಡಿದ್ದು 2018ರಾಗ.

ನನಗ ಇದರಾಗ ಹಿಡಿಸಿದ್ದು ತಾಳ್ಮೆ ಅಲ್ಲ. ಸನ್ಯಾಸಿ ಅಂದ್ರ ಎಲ್ಲಾ ಮರತು ನಕ್ಕೋತ ಕೂಡ್ತಾರ ಅಂತ ನಾವು ತಿಳಕೊಂಡೀವಿ. ಇವರು ಮರೀಲಿಲ್ಲ, ಗಂಟು ಕಟಗೊಂಡು ಪುರಾವೆ ತಂದ್ರು.

ಇನ್ನೊಬ್ಬರ ಮಾತು ದಲೈ ಲಾಮಾ ಭಾಳ ಸಲ ಹೇಳ್ಯಾರ. ಅವರದ ಮಠದ ಒಬ್ರು ಹಿರಿ ಸನ್ಯಾಸಿ, ಹದಿನೆಂಟು ವರ್ಷ ಚೀನಾದ ಜೇಲಿನ್ಯಾಗ ಇದ್ದು ಭಾರತಕ್ಕ ಬಂದವರು. ಮಾತಾಡ್ತಾ, ಅಲ್ಲಿ ಒಂದೆರಡು ಸಲ ಭಾಳ ಅಪಾಯ ಇತ್ತು ಅಂದ್ರಂತ. ದಲೈ ಲಾಮಾಗ ಜೀವದ ಅಪಾಯ ಅಂತ ಅನಿಸ್ತು. ಎಂಥಾ ಅಪಾಯ ಅಂತ ಕೇಳಿದ್ರ, ಚೀನಾದವರ ಮ್ಯಾಲಿನ ಕರುಣಾ ಕಳಕೊಳ್ಳೂ ಅಪಾಯ ಅಂದ್ರಂತ.

ಮೊದಲ ಸಲ ಕೇಳಿದಾಗ ನನಗ ಸಿಟ್ಟ ಬಂದಿತ್ತು, ಖರೇ ಹೇಳ್ತೇನಿ. ಬಡಿಸಿಕೊಂಡಾವನ ಬಡದಾವನ ಸಲುವಾಗಿ ಮರಗಬೇಕೇನು? ಈಗ ಬ್ಯಾರೆ ಅನಸತೈತಿ. ಆ ಮಾತಿನ್ಯಾಗ ಬಡದಾವನಿಗೆ ಕ್ಷಮಾ ಐತಿ ಅಂತ ಎಲ್ಲಿ ಐತಿ? ಒಂದ ಒಂದು ಲೆಕ್ಕ ಐತಿ. ಜೀವ, ಹಲ್ಲು, ಹದಿನೆಂಟು ವರ್ಷ, ಇವನ್ನ ಅವರು ಕಸಗೊಳ್ಳಬಹುದು, ಅದಕ್ಕ ನನ್ನ ಅಪ್ಪಣೆ ಬೇಕಾಗಿಲ್ಲ. ಕರುಣಾ ಮಾತ್ರ ನಾನಾಗೇ ಕೈ ಬಿಡಬೇಕು. ನಂಬಿಕಿ ಅವರಿಗೆ ಜೀವ ಉಳಿಸೋ ತಾಯತ ಆಗಿರಲಿಲ್ಲ, ಯಾವುದು ಕಳದ್ರ ನಿಜವಾದ ಲುಕ್ಸಾನು ಅಂತ ಹೇಳೂ ತಕ್ಕಡಿ ಆಗಿತ್ತು. ಹಂಗಂತ ಎಲ್ಲಾರೂ ಹಂಗ ಇರಬೇಕು ಅಂತ ಯಾರರ ಅಂದ್ರ ನಾನು ಎದ್ದು ಹೋಗ್ತೇನಿ.

ಪೋಲೆಂಡಿನ ಕ್ರೈಸ್ತ ಸನ್ಯಾಸಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರ ಹೆಸರು ಕೆಲವರು ಕೇಳಿರಬಹುದು. 1941ರ ಜುಲೈ ಕಡೀಕ, ಆಶ್ವಿಟ್ಸ್ ಶಿಬಿರದಾಗ ಒಬ್ಬ ಕೈದಿ ತಪ್ಪಿಸಿಕೊಂಡ ಅಂತ ಹಿಟ್ಲರನ ನಾಜಿಗಳು ಹತ್ತು ಮಂದೀನ ಆರಿಸಿ, ಉಪವಾಸ ಹಾಕಿ ಕೊಲ್ಲೂ ಕೋಣಿಗೆ ತಳ್ಳಾಕ ನಿಂತ್ರು. ಅದರಾಗ ಗಯೋವ್ನಿಚೆಕ್ ಅನ್ನಾವ "ನನ್ನ ಹೆಂಡ್ತಿ, ನನ್ನ ಮಕ್ಕಳು" ಅಂತ ಅತ್ತ. ಕೋಲ್ಬೆ ಮುಂದ ಬಂದು ಇವನ ಬದಲಿ ನಾನು ಹೋಗ್ತೇನಿ ಅಂದ್ರು. ಎರಡು ವಾರ ಕಳದ್ರೂ ಜೀವ ಇತ್ತು, ಆಗಸ್ಟ್ 14ಕ್ಕ ವಿಷದ ಇಂಜೆಕ್ಷನ್ ಚುಚ್ಚಿ ಕೊಂದ್ರು. 1982ರಾಗ ಪೋಪ್ ಅವರನ್ನ ಸಂತ ಅಂತ ಘೋಷಿಸಿದಾಗ ಉಳದಿದ್ದ ಆ ಗಯೋವ್ನಿಚೆಕ್ ಅಲ್ಲೇ ಇದ್ದ. 1995ರ ತನಕ ಬದುಕಿದ.

ದೊಡ್ಡ ಮಾತು, ಕೈ ಮುಗೀತೇನಿ. ಆದ್ರ ಯಾವ ಮಕ್ಕಳ ಹೆಸರು ಹೇಳಿ ಅಂವ ಅತ್ತಿದ್ನೋ, ಆ ಇಬ್ಬರು ಗಂಡುಮಕ್ಕಳು 1945ರ ಬಾಂಬ್ ದಾಳ್ಯಾಗ ಸತ್ತಿದ್ರು. ಅಪ್ಪ ಮನಿಗೆ ಬರೂದ್ರಾಗ ಮಕ್ಕಳಿಲ್ಲ. ಇನ್ನೊಂದು ಲೆಕ್ಕ ಮಾಡ್ರಿ, ಹತ್ತರಾಗ ಕೋಲ್ಬೆ ಒಬ್ರು, ಉಳಿದವರು ಒಂಬತ್ತು ಮಂದಿ. ಅವರೂ ಅದ ಕತ್ತಲ್ಯಾಗ, ಅದ ಹಸಿವಿನ್ಯಾಗ ಸತ್ರು. ಪ್ರಾರ್ಥನಾ ಮಾಡಿದ್ರೋ, ಶಾಪ ಹಾಕಿದ್ರೋ, ಅವ್ವನ್ನ ನೆನೆಸಿದ್ರೋ. ಅವರ ಮೂರ್ತಿ ಯಾವ ಚರ್ಚಿನ್ಯಾಗರ ಐತಿ ಅಂತ ನಾ ಕೇಳಿಲ್ಲ.

ನಮ್ಮ ಕಡೆ ಜೇಲು ಅಂದಕೂಡ್ಲೆ ಸ್ವಾತಂತ್ರ್ಯ ಹೋರಾಟ ನೆನಪಾಗತೈತಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಉಪ್ಪಿನ ಸತ್ಯಾಗ್ರಹಕ್ಕ ದಂಡಿಗೆ ಗಾಂಧೀಜಿ ಜೋಡಿ ಹೊಂಟ 78 ಮಂದ್ಯಾಗ ಒಬ್ಬರು. 1943ರ ಏಪ್ರಿಲ್ 1ಕ್ಕ ಹೊಸರಿತ್ತ್ಯಾಗ ಗುಂಡಿಗೆ ಬಲಿಯಾದ್ರು. ಅವರ ಹೆಂಡ್ತಿ ಸಿದ್ದಮ್ಮನೂ ಜೇಲು ಕಂಡವರು. ಬೆಳಗಾವಿ ಹಿಂಡಲಗಾ ಜೇಲಿಗೆ ಹೋದವರ ಕಷ್ಟ ನಾನು ಸಣ್ಣದು ಅನ್ನೂದಿಲ್ಲ. ಆದ್ರ ಅವರ ಹಿಂದ ಊರು ಇತ್ತು. ಹೊರಗ ಬಂದ್ರ ಮಾಲಿ ಹಾಕಾಕ ಅಗಸ್ಯಾಗ ಮಂದಿ ನಿಂತಿರತಿದ್ರು. ಯಾರೂ ಕಾಯದ ಜೇಲು ಬ್ಯಾರೆ.

ಅಂಥಾದ್ದು ನೋಡಾಕ ಪೋಲೆಂಡಿಗೆ ಹೋಗೂದು ಬ್ಯಾಡ. ನಮ್ಮ ಹುಬ್ಬಳ್ಳ್ಯಾಗ ಸೆಟ್ಲಮೆಂಟ್ ಅಂತ ಏರಿಯಾ ಐತಲ್ಲ, ಆಟೋದವಗ ಹೇಳಿದ್ರ ಸೀದಾ ಒಯ್ದು ಬಿಡತಾನ. ಆ ಹೆಸರು ಎಲ್ಲಿಂದ ಬಂತು? 1871ರಾಗ ಬ್ರಿಟಿಷರು ಒಂದು ಕಾಯ್ದೆ ಮಾಡಿದ್ರು, ಇಂತಿಂಥಾ ಜಾತ್ಯಾಗ ಹುಟ್ಟಿದವರು ಹುಟ್ಟಾ ಕಳ್ಳರು ಅಂತ. ಮುಂದ ಹುಬ್ಬಳ್ಳಿ, ಗದಗದಾಗ ಸೆಟ್ಲಮೆಂಟ್ ಕಟ್ಟಿ, ಹರಣಶಿಕಾರಿ, ಕೊರವ, ಘಂಟಿಚೋರ ಮಂದೀನ ಹೆಂಡ್ತಿ ಮಕ್ಕಳ ಸಮೇತ ತಂತಿ ಬೇಲಿ ಒಳಗ ಇಟ್ರು. ದಿನಾ ಹಾಜರಿ. ಹೊರಗ ಹೋಗಬೇಕಂದ್ರ ಪಾಸು. ಏನ್ ತಪ್ಪು ಮಾಡ್ಯಾರ ಅಂತ ಕೇಳೂ ಕೋರ್ಟ ಇಲ್ಲ, ಹುಟ್ಟಿದ್ದ ತಪ್ಪು. ದೇಶಕ್ಕ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮ್ಯಾಲೆ, 1952ರ ಆಗಸ್ಟ್ 31ಕ್ಕ ಆ ಕಾಯ್ದೆ ಇಡೀ ದೇಶದಾಗ ಹೋತು. ನಾವು ಬಾವುಟಾ ಹಾರಿಸಿ ಪೇಡೆ ಹಂಚಿದ ಐದೂ ವರ್ಷ ದೇಶದ ಕಾಯ್ದೆ ಪುಸ್ತಕದಾಗ ಇಂಥಾ ಮಂದಿ ಹುಟ್ಟಾ ಕಳ್ಳರ ಆಗಿದ್ರು.

ಆ ಬೇಲಿ ಒಳಗೂ ಮದುವಿ ಆದ್ವು, ಕೂಸು ಹುಟ್ಟಿದ್ವು, ತಮ್ಮ ತಮ್ಮ ದೇವರಿಗೆ ಕಾಯಿ ಒಡದ್ರು. ನಂಬಿಕಿ ಪರೀಕ್ಷೆ ಅಂತ ಯಾರೂ ಅದನ್ನ ಕರೀಲಿಲ್ಲ. ಯಾವ ಮಠದಾಗೂ ಅವರ ಮ್ಯಾಲೆ ಪ್ರವಚನ ಆಗಿದ್ದು ನಾ ಕೇಳಿಲ್ಲ. ಬೇಲಿ ಹೋಗಿ ಎಪ್ಪತ್ತು ವರ್ಷದ ಮ್ಯಾಲಾದ್ರೂ, ಅಲ್ಲಿಯ ಹುಡುಗ ಭಾಡಗಿ ಮನಿ ಕೇಳಾಕ ಹೋದ್ರ ಯಾವ ಓಣಿಯಾವಪಾ ಅಂತ ಕೇಳೂ ದನಿ ಹೆಂಗಿರತೈತಿ, ನಿಮಗೂ ಗೊತ್ತು ನನಗೂ ಗೊತ್ತು. ನಾನೂ ಆ ದನ್ಯಾಗ ಒಮ್ಮೆ ಕೇಳೀನಿ. ಟಿಬೇಟದ ಅಮ್ಮನ ಅಣ್ಣನ ಸಲುವಾಗಿ ಮರಗಿದ ನಾನ.

ಆ ಅಂಗಡಿಗೆ ವಾಪಸ್ ಬರ್ರಿ. ಯಾರನ್ನ ಕೇಳೂದು ಅಂತ ಅಮ್ಮ ಅಂದ್ರಲ್ಲ, ನನಗ ಬಾಯಿ ಕಟ್ಟಿದಂಗಾತು. ಜಗ್ಗಾಡಿ ಇಳಿಸಿದ್ದ ಐವತ್ತು ರೂಪಾಯಿ ತಿರುಗಿ ಕೊಡ್ಲೋ ಬ್ಯಾಡೋ ಅಂತ ನಿಂತಿದ್ದೆ. ಅಷ್ಟರಾಗ ಬಾಜೂಕ ನಿಂತ ಗಿರಾಕಿ ಒಬ್ಬಾವ ಒಂದು ಜಾಕೆಟ್ ಎಳದು ತಿರುವಿ ಮುರುವಿ ನೋಡಿ, "ಇದು ಚೈನಾ ಮಾಲೇನ್ರಿ?" ಅಂತ ಕೇಳಿದ.

ಅಮ್ಮ ಒಂದು ಕ್ಷಣ ಅವನ ಮಾರಿ ನೋಡಿದ್ರು. ಆಮ್ಯಾಲೆ ನಕ್ಕು, ಕಾಲರಿನ ಪಟ್ಟಿ ತಿರುವಿ ತೋರಿಸಿದ್ರು. "ಲುಧಿಯಾನಾದ್ದಪಾ. ಸೈಜ್ ಎಷ್ಟು ನಿಂದು?"