ಬಾಣ ಎಲ್ಲಿಂದ ಹೊರಡಬೇಕು?

ಕೇಳುಗರಿಗೆಲ್ಲ ನಮಸ್ಕಾರ. ಸಾವಯವ ರಸಾಯನಶಾಸ್ತ್ರ ಅಂದ ಕೂಡಲೇ ಬಾಯಿಪಾಠವೇ ನೆನಪಾಗುತ್ತದೆ, ಅಲ್ವಾ? ಆದರೆ ಅಲ್ಲಿನ ನೂರಾರು ಕ್ರಿಯೆಗಳಲ್ಲಿ ಬಹಳಷ್ಟರ ಒಳಗೆ ನಡೆಯುವುದು ಒಂದೇ ಕೊಡು-ಕೊಳ್ಳು. ಒಂದರ ಹತ್ತಿರ ಕೊಡಲು ಎಲೆಕ್ಟ್ರಾನ್ ಜೋಡಿ ಇದೆ. ಇನ್ನೊಂದರಲ್ಲಿ ಅದಕ್ಕೆ ಜಾಗ ಇದೆ. ಕೊಡುವುದು ನ್ಯೂಕ್ಲಿಯೋಫೈಲ್, ಪಡೆಯುವುದು ಎಲೆಕ್ಟ್ರೋಫೈಲ್. 1933ರಲ್ಲಿ ಈ ಹೆಸರುಗಳನ್ನು ತಂದವರು ಬ್ರಿಟನ್ನಿನ ಕ್ರಿಸ್ಟೋಫರ್ ಇಂಗೋಲ್ಡ್.

ಕಲಿಯಲು ಹೊರಟವರು ಒಂದು ಕಡೆ ಎಡವುತ್ತಾರೆ. ಮೈನಸ್ ಕಂಡರೆ ನ್ಯೂಕ್ಲಿಯೋಫೈಲ್, ಪ್ಲಸ್ ಕಂಡರೆ ಎಲೆಕ್ಟ್ರೋಫೈಲ್ ಅಂತ ಸುಮ್ನೆ ಗುರುತು ನೋಡಿ ಹೇಳಿಬಿಡುತ್ತಾರೆ. ಅಮೋನಿಯಾ ನೋಡಿ. ಅದಕ್ಕೆ ಮೈನಸ್ಸೂ ಇಲ್ಲ, ಪ್ಲಸ್ಸೂ ಇಲ್ಲ. ಆದರೂ ಒಳ್ಳೆಯ ನ್ಯೂಕ್ಲಿಯೋಫೈಲ್. ಅದರ ಸಾರಜನಕದ ಮೇಲೆ ಯಾವ ಬಂಧಕ್ಕೂ ಸೇರದ ಒಂದು ಜೋಡಿ ಎಲೆಕ್ಟ್ರಾನ್ ಇದೆ. ಬೋರಾನ್ ಟ್ರೈಫ್ಲೋರೈಡ್‌ಗೂ ಒಟ್ಟಾರೆ ಆವೇಶವಿಲ್ಲ. ಆದರೆ ಬೋರಾನ್ ಸುತ್ತ ಹೊರ ಕವಚದಲ್ಲಿ ಇರುವುದು 6 ಎಲೆಕ್ಟ್ರಾನ್, ಕವಚ ತುಂಬಲು ಬೇಕಾದ 8 ಆಗಲು ಒಂದು ಜೋಡಿ ಕಡಿಮೆ. ಅಮೋನಿಯಾದ ಜೋಡಿ ನೇರ ಅಲ್ಲಿಗೇ ಹೋಗುತ್ತದೆ. ಇನ್ನು ಅಮೋನಿಯಂ ಅಯಾನು, ಅಂದರೆ ಅಮೋನಿಯಾಗೆ ಇನ್ನೊಂದು ಹೈಡ್ರೋಜನ್ ಸೇರಿ ಪ್ಲಸ್ ಆವೇಶ ಪಡೆದದ್ದು. ಪ್ಲಸ್ ಏನೋ ಇದೆ, ಆದರೆ ಅದರ ಸಾರಜನಕ ಎಲೆಕ್ಟ್ರೋಫೈಲ್ ಅಲ್ಲ. 8 ಎಲೆಕ್ಟ್ರಾನ್ ಆಗಲೇ ತುಂಬಿವೆ. ಬಂದವರು ಕೂರುವುದೆಲ್ಲಿ?

ನನಗೆ ತುಂಬ ಇಷ್ಟವಾದದ್ದು ಮೀಥೈಲ್ ಬ್ರೋಮೈಡ್. ಒಂದು ಇಂಗಾಲ, ಅದಕ್ಕೆ 3 ಹೈಡ್ರೋಜನ್, ಒಂದು ಬ್ರೋಮಿನ್. ಬಂಧದ ಎಲೆಕ್ಟ್ರಾನುಗಳನ್ನು ಬ್ರೋಮಿನ್ ತನ್ನ ಕಡೆ ಸ್ವಲ್ಪ ಜಾಸ್ತಿ ಎಳೆದುಕೊಂಡಿರುತ್ತದೆ. ಇಂಗಾಲಕ್ಕೆ ಅಷ್ಟು ಕೊರತೆ. ಹೈಡ್ರಾಕ್ಸೈಡ್ ಅಯಾನು ಬರುವುದು ಬ್ರೋಮಿನ್ ಇರುವ ಕಡೆಯಿಂದಲ್ಲ, ಇಂಗಾಲದ ಬೆನ್ನ ಕಡೆಯಿಂದ. ಈ ಕಡೆ ಹೊಸ ಬಂಧ ಬಲಿಯುತ್ತಿದ್ದ ಹಾಗೇ ಆ ಕಡೆ ಹಳೆಯದು ಸಡಿಲವಾಗುತ್ತದೆ. ನಡುವೆ 3 ಹೈಡ್ರೋಜನ್‌ಗಳು, ಗಾಳಿಗೆ ಕೊಡೆ ಮಗುಚಿಕೊಂಡ ಹಾಗೆ, ಆಚೆ ಬಾಗುತ್ತವೆ. ಬ್ರೋಮೈಡ್ ಬಂಧದ ಎರಡೂ ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಹೊರಡುತ್ತದೆ. ಉಳಿದದ್ದು ಮೆಥನಾಲ್. ಅಣುಗಳ ರೂಪ ಹೀಗೆ ತಿರುವುಮುರುವಾಗುವುದನ್ನು ಪಾಲ್ ವಾಲ್ಡೆನ್ 1896ರಲ್ಲೇ ಬೇರೆ ಸಂಯುಕ್ತಗಳಲ್ಲಿ ಕಂಡಿದ್ದರು. ಒಳಗೆ ಏನಾಗುತ್ತದೆ ಅಂತ ಬಿಡಿಸಿ ಹೇಳಿದ್ದು 1930ರ ದಶಕದಲ್ಲಿ, ಇಂಗೋಲ್ಡ್ ಮತ್ತು ಎಡ್ವರ್ಡ್ ಹ್ಯೂಸ್.

ಇದನ್ನು ಕಾಗದದ ಮೇಲೆ ಬರೆದು ನೋಡಿ. ಎರಡು ಬಾಗಿದ ಬಾಣ ಸಾಕು. ಒಂದು ಹೈಡ್ರಾಕ್ಸೈಡಿನ ಜೋಡಿಯಿಂದ ಇಂಗಾಲಕ್ಕೆ. ಇನ್ನೊಂದು ಇಂಗಾಲ-ಬ್ರೋಮಿನ್ ಬಂಧದಿಂದ ಬ್ರೋಮಿನ್‌ಗೆ. ಬಾಣ ತೋರಿಸುವುದು ಎಲೆಕ್ಟ್ರಾನಿನ ದಾರಿಯನ್ನು, ಪರಮಾಣುವಿನ ದಾರಿಯನ್ನಲ್ಲ. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಬಾಣ ಪ್ರೋಟಾನಿನಿಂದ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್‌ನಿಂದ, ಹೊರಟಿರುತ್ತದೆ. ಪಾಪ, ಅದರ ಹತ್ತಿರ ಕೊಡಲು ಒಂದೇ ಒಂದು ಎಲೆಕ್ಟ್ರಾನೂ ಇಲ್ಲ. ನಮಸ್ಕಾರ.